ಕಾಗೆ ಮತ್ತು ಅನ್ನದ ಋಣ: ಸಲಗರೆ ಸೀಮೆಯ ಪುರಾಣ, ಆಚರಣೆ, ಕಥನ

ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನಲ್ಲಿ, ಮಿರಜ–ಪಂಢರಪುರ ರೈಲುಮಾರ್ಗದ ಮೇಲಿರುವ ಸಲಗರೆಯ ಸೀಮೆಯು ಕನ್ನಡವೂ ಮರಾಠಿಯೂ ಬೆರೆತ, ವೈದಿಕ, ಜೈನ, ಲಿಂಗಾಯತ, ವಾರಕರಿ ಪರಂಪರೆಗಳು ಶತಮಾನಗಳಿಂದ ನೆರೆಹೊರೆಯಾಗಿ ಬಾಳಿದ ಗಡಿನಾಡು. ಅಪಶಕುನದ ಹಕ್ಕಿಯೆಂದು ಜನ ದೂರವಿಡುವ ಕಾಗೆಗೆ ಈ ನಾಲ್ಕೂ ಪರಂಪರೆಗಳು ತಮ್ಮ ಕಥನದಲ್ಲಿ ಎಡೆ ಕೊಟ್ಟಿವೆ. ನಾಲ್ಕರಲ್ಲಿಯೂ ಅದಕ್ಕೆ ಅರ್ಥ ಬರುವುದು ಅನ್ನದ ಸಂಬಂಧದಿಂದ.

ಇವುಗಳಲ್ಲಿ ಹಳೆಯ ನೆಲೆ ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿದೆ. ಮರುತ್ತ ರಾಜನ ಯಜ್ಞಕ್ಕೆ ರಾವಣನು ನುಗ್ಗಿದಾಗ ದೇವತೆಗಳು ಪ್ರಾಣಿಪಕ್ಷಿಗಳ ರೂಪದಲ್ಲಿ ಅಡಗಿಕೊಳ್ಳುತ್ತಾರೆ. ಇಂದ್ರನು ನವಿಲಾದರೆ ಯಮನು ಕಾಗೆಯಾಗುತ್ತಾನೆ. ಆಪತ್ತು ಕಳೆದ ಮೇಲೆ ಯಮನು, ತನ್ನ ಲೋಕದಲ್ಲಿ ಹಸಿದಿರುವವರು ಕಾಗೆ ಉಂಡಾಗ ತೃಪ್ತರಾಗಲೆಂದು ವರ ಕೊಡುತ್ತಾನೆ. ಸುಂದರಕಾಂಡದಲ್ಲಿ ಸೀತೆಯನ್ನು ಕುಕ್ಕಿ ಕಣ್ಣು ಕಳೆದುಕೊಂಡ ಕಾಕಾಸುರನ ಅಪರಾಧಿ ರೂಪಕ್ಕೆ ಎದುರಾಗಿ, ಇಲ್ಲಿ ಕಾಗೆಯು ಸತ್ತವರ ಹಸಿವನ್ನು ಹಿಂಗಿಸುವ ಹಕ್ಕಿಯಾಗಿ ನಿಲ್ಲುತ್ತದೆ.

ಹತ್ತನೆಯ ದಿನದ ಉತ್ತರಕ್ರಿಯೆಯಲ್ಲಿ, ಅಂದರೆ ದಶಕ್ರಿಯೆಯಲ್ಲಿ, ಪಿಂಡವನ್ನಿಟ್ಟು ಕಾಗೆಗಾಗಿ ಕಾಯುವ ರೂಢಿಯ ಹಿಂದೆ ಇರುವುದು ಇದೇ ನಂಬಿಕೆ. ಕಾಗೆ ಮುಟ್ಟದಿದ್ದರೆ ತೀರಿಹೋದವರ ಆಸೆ ಯಾವುದೋ ಉಳಿದಿದೆಯೆಂದು ತಿಳಿದು, ಮನೆಯವರು ಅದನ್ನು ನಡೆಸಿಕೊಡುವುದಾಗಿ ಮಾತು ಕೊಡುತ್ತಾರೆ. ಆಗಲೂ ಬಾರದಿದ್ದರೆ ದರ್ಭೆಯ ಹುಲ್ಲಿನಿಂದ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸುತ್ತಾರೆ. ಮರಾಠಿಯಲ್ಲಿ ‘ಕಾಕಸ್ಪರ್ಶ’ ಎನ್ನಿಸಿಕೊಳ್ಳುವ ಈ ಘಳಿಗೆಯೇ, ಮಹೇಶ ಮಾಂಜರೇಕರ್ ನಿರ್ದೇಶಿಸಿದ 2012ರ ಅದೇ ಹೆಸರಿನ ಚಲನಚಿತ್ರದ ಕಥೆಗೆ ಬೀಜವಾಗಿದೆ.

ಶ್ರಾದ್ಧದ ಅನ್ನ ಪಿತೃಗಳಿಗೆ ತಲುಪುತ್ತದೆಂಬುದನ್ನು ಒಪ್ಪದ ಜೈನ ಪರಂಪರೆಯು ಕಾಗೆಯನ್ನು ವ್ರತದ ಒರೆಗಲ್ಲಾಗಿ ಮಾಡಿಕೊಂಡಿತು. ಗುಣಭದ್ರಾಚಾರ್ಯರ 9ನೆಯ ಶತಮಾನದ ಸಂಸ್ಕೃತ ಕಾವ್ಯ ‘ಉತ್ತರಪುರಾಣ’ದಲ್ಲಿ ಖದಿರಸಾರನೆಂಬ ಬೇಡನು, ಹೇಗೂ ತಾನು ತಿನ್ನದ ಕಾಗೆಯ ಮಾಂಸವನ್ನು ಬಿಡುವುದಾಗಿ ಮುನಿಯ ಮುಂದೆ ವ್ರತ ಹಿಡಿಯುತ್ತಾನೆ. ಮುಂದೆ ರೋಗ ಬಂದಾಗ ವೈದ್ಯರು ಅದೇ ಮಾಂಸವನ್ನು ಔಷಧವೆಂದು ಹೇಳಿದರೂ ಒಪ್ಪದೆ ಪ್ರಾಣ ಬಿಡುತ್ತಾನೆ. ಬಳಿಕ ಸ್ವರ್ಗದ ಸುಖವನ್ನು ಅನುಭವಿಸಿ, ಮಗಧದ ಅರಸ ಶ್ರೇಣಿಕನಾಗಿ ಹುಟ್ಟುತ್ತಾನೆ. ಸುಲಭವೆಂದು ತೋರಿದ ತ್ಯಾಗವೂ ಒಂದು ದಿನ ಪ್ರಾಣವನ್ನೇ ಕೇಳೀತೆಂಬ ಅರಿವು ಈ ಕಥೆಯ ತಿರುಳು.

12ನೆಯ ಶತಮಾನದ ಬಸವಣ್ಣನವರು ಇದೇ ಹಕ್ಕಿಯನ್ನು ಮನುಷ್ಯನಿಗೆ ಗುರುವಾಗಿಸಿದರು. ಒಂದಗುಳು ಸಿಕ್ಕರೂ ಬಳಗವನ್ನು ಕೂಗಿ ಕರೆಯುವ ಅದರ ಸ್ವಭಾವವನ್ನು ತೋರಿಸಿ, ಶಿವಭಕ್ತನಿಗೆ ಅಷ್ಟು ಒಲವೂ ಇಲ್ಲದಿದ್ದರೆ ಅವನು ಹಕ್ಕಿಗಿಂತ ಕೀಳೆಂದು ಒಂದು ವಚನದಲ್ಲಿ ನುಡಿದರು. ಸತ್ತವರ ಕಡೆಗೆ ಮುಖ ಮಾಡಿದ್ದ ಅನ್ನ ಇಲ್ಲಿ ಬದುಕಿರುವವರ ದಾಸೋಹದ ಕಡೆಗೆ, ಅಂದರೆ ಹಂಚಿ ಉಣ್ಣುವ ಧರ್ಮದ ಕಡೆಗೆ ತಿರುಗುತ್ತದೆ.

ಪಂಢರಪುರದ ವಿಠ್ಠಲನನ್ನು ನಂಬಿದ ವಾರಕರಿಗಳ ಭಕ್ತಿಯಲ್ಲಿ ಕಾಗೆಯು ಶುಭಶಕುನದ ದೂತ. ಸಂತ ಜ್ಞಾನೇಶ್ವರರ ಹೆಸರಿನಲ್ಲಿರುವ ಒಂದು ಅಭಂಗದಲ್ಲಿ, ಅಂದರೆ ಭಕ್ತಿಯ ಹಾಡಿನಲ್ಲಿ, ವಿಠ್ಠಲನಿಗಾಗಿ ಹಂಬಲಿಸುವ ಹೆಣ್ಣು, ಅವನ ಬರವನ್ನು ತಿಳಿಸಿದರೆ ಕಾಲಿಗೆ ಬಂಗಾರದ ಹೊದಿಕೆ ಮಾಡಿಸಿ ಮೊಸರನ್ನದ ತುತ್ತು ಕೊಡುವುದಾಗಿ ಕಾಗೆಗೆ ಆಸೆ ಹಚ್ಚುತ್ತಾಳೆ. ಕಾಗೆ ಕೂಗಿದರೆ ಬೀಗರು ಬರುತ್ತಾರೆಂಬ ಮನೆಮನೆಯ ನಂಬಿಕೆಗೆ ಈ ಹಾಡು ದೇವರನ್ನೇ ಅತಿಥಿಯಾಗಿ ತಂದಿದೆ. ಕನ್ನಡದ ಕಾಗಕ್ಕ–ಗುಬ್ಬಕ್ಕರ ಕಥೆಯೂ ಮರಾಠಿಯ ಕಾವಳಾ–ಚಿಮಣಿಯರ ಕಥೆಯೂ ಮಳೆಗೆ ಮನೆ ಕಳೆದುಕೊಂಡ ಕಾಗೆಯನ್ನು ಗುಬ್ಬಿಯ ಬಾಗಿಲಲ್ಲಿ ನಿಲ್ಲಿಸಿ, ಅತಿಥಿಧರ್ಮದ ಇದೇ ಪ್ರಶ್ನೆಯನ್ನು ಮಕ್ಕಳ ಮುಂದಿಡುತ್ತವೆ.

ಯಾರಿಗೆ ಉಣಿಸಬೇಕು, ಏನನ್ನು ಉಣ್ಣಬಾರದು, ಯಾರೊಡನೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಈ ಪರಂಪರೆಗಳು ಕೊಟ್ಟ ಉತ್ತರಗಳು ಬೇರೆಬೇರೆಯಾದರೂ, ಆ ಉತ್ತರಗಳಿಗೆ ಅವು ಆರಿಸಿಕೊಂಡ ಸಾಕ್ಷಿ ಒಂದೇ. ವಚನವನ್ನು ಕನ್ನಡದ ಸೊತ್ತೆಂದೂ ಅಭಂಗವನ್ನು ಮರಾಠಿಯ ಸೊತ್ತೆಂದೂ ವಿಂಗಡಿಸಿ ಓದುವ ಚರಿತ್ರೆಗೆ ಈ ಒಗ್ಗಟ್ಟು ಕಾಣುವುದಿಲ್ಲ. ಎರಡೂ ನುಡಿಗಳನ್ನು ಬಳಸುವ ಗಡಿನಾಡಿನ ನೆನಪುಗಳನ್ನು ಒಟ್ಟಾಗಿ ದಾಖಲಿಸಿದಾಗಲೇ ಕಾಗೆಯ ಪೂರ್ಣ ಚರಿತ್ರೆ ಬರೆಯಲು ಸಾಧ್ಯ.