ತಾಂಬೂಲ, ಉರಿಯೂತ ಮತ್ತು ವಂಶವಾಹಿಯ ಪ್ರಚೋದನೆ: ಒಂದು ಚಾರಿತ್ರಿಕ ಪರಾಮರ್ಶೆ

ತರೀಕೆರೆ, ಅಜ್ಜಂಪುರಗಳ ತೋಟಗಳಲ್ಲಿ ಕೊಯ್ದ ಹಸಿ ಅಡಿಕೆಯನ್ನು ಮೆಟ್ಟುಗತ್ತಿಯಿಂದ ಸುಲಿದು, ಚೊಗರಿನಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸುವ ಕಾರ್ಯವು ಅಸಂಖ್ಯ ಕುಟುಂಬಗಳ ಜೀವನಾಧಾರವಾಗಿರುವಾಗ, ಕಡೂರಿನ ಬಯಲುಸೀಮೆಯಲ್ಲಿಯೂ ತೆಂಗಿನೊಡನೆ ಅಡಿಕೆಯು ವ್ಯಾಪಿಸಿರುವಾಗ, ಆ ಅಡಿಕೆಯು ಅದನ್ನು ಮೆಲ್ಲುವವನ ಬಾಯಿಯ ಒಳಪೊರೆಯಲ್ಲಿ ಯಾವ ವ್ಯಾಪಾರವನ್ನು ಹೂಡುತ್ತದೆಂಬ ಜಿಜ್ಞಾಸೆಯು ಈ ಸೀಮೆಯ ಜನಕ್ಕೆ ಪರಕೀಯವಾಗಿ ಉಳಿಯತಕ್ಕದ್ದಲ್ಲ.

ಆ ಒಳಪೊರೆಯನ್ನು ಬಿಗಿಯುವ ವ್ಯಾಧಿಯೊಂದರ ಕಥನವು ಆಧುನಿಕ ವೈದ್ಯವಾಙ್ಮಯದಲ್ಲಿ ಆರಂಭವಾದದ್ದು ಆಫ್ರಿಕದಲ್ಲಿ. ಕೆನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರ ಬಾಯಿಯ ಒಳಪೊರೆ ಬಿಗಿದುಕೊಂಡಿದ್ದುದನ್ನು ಶ್ವಾರ್ಟ್ಸ್ 1952ರಲ್ಲಿ ವರ್ಣಿಸಿದನು, ಮರುವರ್ಷವೇ ಎಸ್. ಜಿ. ಜೋಶಿಯವರು ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರನ್ನಿತ್ತರು. ಒಳಪೊರೆಯ ಕೆಳಗೆ ಕೊಲಾಜನ್ ನಾರು ಸಂಚಯವಾಗಿ, ಕೆನ್ನೆ ಪೆಡಸಾಗಿ, ಬಾಯಿ ತೆರೆಯುವುದೇ ದುಸ್ಸಾಧ್ಯವಾಗುವುದು ಇದರ ಲಕ್ಷಣ. ಅಡಿಕೆಯೇ ಇದರ ಮುಖ್ಯ ನಿಮಿತ್ತವೆಂಬುದು ಕ್ರಮೇಣ ಸಿದ್ಧವಾಯಿತಾದರೂ, ನಿಮಿತ್ತದಿಂದ ಕಾರ್ಯಕ್ಕೆ ಸಾಗುವ ಹಾದಿ ಮಾತ್ರ ಬಹುಕಾಲ ಅಗೋಚರವಾಗಿಯೇ ಇದ್ದಿತು.

ಆ ಹಾದಿಯನ್ನು ಕಾಣುವ ದೃಷ್ಟಿಯನ್ನು ಕೊಟ್ಟದ್ದು ಬೇರೊಂದು ಶಾಸ್ತ್ರ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಪ್ರತಿಕಾಯಗಳನ್ನು ನಿರ್ಮಿಸುವ ಬಿ ಕೋಶಗಳಲ್ಲಿ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ಗುರುತಿಸಿದರು. ಡಿಎನ್‌ಎಯ ನಿಯತ ಸ್ಥಾನವನ್ನು ಹಿಡಿದು ವಂಶವಾಹಿಯ ಪ್ರತಿಲೇಖನವನ್ನು ಪ್ರವರ್ತಿಸುವ ಕಾರಕವದು. ಎರಡು ವರ್ಷಗಳ ತರುವಾಯ ಬಾಯರ್ಲೆ ಮತ್ತು ಬಾಲ್ಟಿಮೋರ್ ಇದರ ರಹಸ್ಯವನ್ನು ಬಿಡಿಸಿದರು: ಇದು ಕೋಶದ್ರವ್ಯದಲ್ಲಿ ಐಕಪ್ಪಾಬಿ ಎಂಬ ಪ್ರತಿಬಂಧಕದಿಂದ ಬದ್ಧವಾಗಿ, ಸಿದ್ಧಸ್ಥಿತಿಯಲ್ಲಿಯೇ ಇರುತ್ತದೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮುಂತಾದ ಉರಿಯೂತದ ಸಂದೇಶಗಳು ಕೋಶದ ಹೊರಮೈಯನ್ನು ಮುಟ್ಟಿದೊಡನೆ ಕೈನೇಸ್ ಎಂಬ ಕಿಣ್ವವು ಪ್ರತಿಬಂಧಕಕ್ಕೆ ಫಾಸ್ಫೇಟನ್ನು ಜೋಡಿಸುತ್ತದೆ, ಪ್ರತಿಬಂಧಕವು ನಾಶವಾಗುತ್ತದೆ, ವಿಮುಕ್ತವಾದ ಕಾರಕವು ಕೋಶಕೇಂದ್ರವನ್ನು ಪ್ರವೇಶಿಸುತ್ತದೆ. ಅದು ಅಲ್ಲಿ ಎಚ್ಚರಿಸುವ ವಂಶವಾಹಿಗಳಲ್ಲಿ ಪ್ರತಿಬಂಧಕದ್ದೂ ಒಂದಾಗಿರುವುದರಿಂದ, ಆರಂಭದೊಳಗೇ ನಿವೃತ್ತಿಯ ಏರ್ಪಾಡೂ ಅಡಗಿದೆ. ಈ ವ್ಯವಸ್ಥೆಯ ಪರಮಸೌಂದರ್ಯವಿರುವುದು ಇಲ್ಲಿಯೇ ಎಂದು ನನ್ನ ಭಾವನೆ. ಪ್ರಚೋದನೆಯು ಎಡೆಬಿಡದೆ ಮರುಕಳಿಸಿದಾಗ ಆ ನಿವೃತ್ತಿ ಪೂರ್ಣವಾಗುವುದಿಲ್ಲ.

ಅಡಿಕೆಯ ವಿಷಯದಲ್ಲಿ ನಿರ್ಣಾಯಕವಾದ ಪರಿಶೋಧನೆ ನಡೆದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಪಿ. ಕೊಂಡಯ್ಯನವರೂ ಅವರ ಸಹೋದ್ಯೋಗಿಗಳೂ ಹೊರಪೊರೆಯ ಕೋಶಗಳಿಗೆ ಅಡಿಕೆಯ ಸಾರವನ್ನು ಸೇರಿಸಿ, ನಾರಿನ ಉತ್ಪತ್ತಿಗೆ ಪ್ರೇರಕವಾದ ಟಿಜಿಎಫ್-ಬೀಟಾ ಮಾರ್ಗವು ಜಾಗೃತವಾಗುವುದನ್ನು 2012ರಲ್ಲಿ ಪ್ರಕಟಿಸಿದರು. 2016ರ ಅವರ ಪ್ರಬಂಧವು ಮತ್ತೂ ಒಳಹೊಕ್ಕು, ಅಡಿಕೆಯಿಂದ ಜೆಎನ್‌ಕೆ ಎಂಬ ಕೈನೇಸ್ ಉದ್ದೀಪಿತವಾಗಿ, ಅದರ ಮೂಲಕ ಎಟಿಎಫ್2 ಮತ್ತು ಸಿ-ಜುನ್ ಎಂಬ ಪ್ರತಿಲೇಖನ ಕಾರಕಗಳು ಎಚ್ಚರಗೊಂಡು ಆ ಮಾರ್ಗವನ್ನು ತೆರೆಯುವುದನ್ನು ನಿರೂಪಿಸಿತು. ಎನ್‌ಎಫ್-ಕಪ್ಪಾಬಿಯ ಹಾದಿ ಬೇರೆ, ಇದರ ಹಾದಿ ಬೇರೆ; ಆದರೂ ಹೊರಗಣ ಪ್ರಚೋದನೆಯು ಕೈನೇಸಿನ ಮುಖಾಂತರ ವಂಶವಾಹಿಯನ್ನು ತಲುಪುವ ಕ್ರಮ ಎರಡರಲ್ಲಿಯೂ ಸಮಾನ. ಪಾತ್ರೆಯೊಳಗಣ ಕೋಶವೇ ಬದುಕಿರುವ ಕೆನ್ನೆಯೆಂದು ಎಣಿಸಲಾಗದೆಂಬುದು ನಿಜವಾದರೂ, ಈ ಪ್ರಯೋಗಗಳನ್ನು ಅಡಿಕೆಯ ಮೇಲಣ ಅಪವಾದವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬೆಳೆಗಾರನ ಅನ್ನದ ಚಿಂತೆಯೂ ಮೆಲ್ಲುವವನ ಆರೋಗ್ಯದ ಚಿಂತೆಯೂ ಒಂದೇ ಮನೆಯವು. ಒಂದರ ಸಲುವಾಗಿ ಇನ್ನೊಂದನ್ನು ಮರೆಮಾಚಿದರೆ ನಷ್ಟವು ಆ ಮನೆಗೇ ಆಗುವುದು.

ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಮೆಲ್ಲುವುದನ್ನು ಬಿಟ್ಟ ಮೇಲೂ ಬಲಿತ ನಾರು ಸಾಮಾನ್ಯವಾಗಿ ಕರಗುವುದಿಲ್ಲವಾದುದರಿಂದ, ಖಾರದ ಊಟ ಬಾಯಿಗೆ ತಾಗಿದೊಡನೆ ಉರಿಯೇಳುವ ಆದಿಲಕ್ಷಣದಲ್ಲಿಯೇ ಅಡಿಕೆಯನ್ನು ತ್ಯಜಿಸಿ ದಂತವೈದ್ಯರಿಗೆ ಬಾಯಿ ತೋರಿಸುವುದು ಅವಶ್ಯ.