ಹಿತ್ತಲ ಕೊಳವೂ ಅದರ ದಂಡೆಯ ಸಸ್ಯಗಳೂ

ಕೃಷ್ಣೆಯ ದಕ್ಷಿಣಕ್ಕಿರುವ ನಮ್ಮ ಹುನ್ನೂರಿನ ಎರೆನೆಲದಲ್ಲಿ ತಾವರೆಗೊಳದ ಮಾತನ್ನೆತ್ತುವದು ಕೆಲವರಿಗೆ ವಿನೋದವಾಗಿ ತೋರಬಹುದು. ಇಲ್ಲಿ ಮಳೆ ಕಡಿಮೆ; ಬೇಸಿಗೆಯಲ್ಲಿ ನೆಲವು ಬಾಯಿಬಿಡುವದು. ಆದರೆ ನೀರು ವಿರಳವಾದಲ್ಲಿಯೇ ಅದನ್ನು ಕಾಯುವ ವಿಚಾರವು ಅಗತ್ಯವಾದುದು. ಆ ವಿಚಾರವು ಬಹು ಪ್ರಾಚೀನವಾದುದೂ ಅಹುದು.

ಚಾಲುಕ್ಯ ವಲ್ಲಭೇಶ್ವರನು ಶಕ 465ರಲ್ಲಿ, ಎಂದರೆ ಕ್ರಿ. ಶ. 543ರಲ್ಲಿ, ಬಾದಾಮಿಯ ಗಿರಿಯನ್ನು ದುರ್ಗವನ್ನಾಗಿ ಮಾಡಿದನೆಂದು ಅಲ್ಲಿಯ ಶಿಲಾಶಾಸನವು ಹೇಳುತ್ತದೆ. ಅದೇ ಶತಮಾನದಲ್ಲಿ ವರಾಹಮಿಹಿರನು ಬೃಹತ್ಸಂಹಿತೆಯನ್ನು ರಚಿಸಿದನು. ಅದರ ದಕಾರ್ಗಲಾಧ್ಯಾಯದಲ್ಲಿ ಕೆರೆಯ ವಿಚಾರ ಬಂದಿದೆ. ಪೂರ್ವಪಶ್ಚಿಮವಾಗಿ ನೀಳವಾದ ಕೆರೆಯಲ್ಲಿ ನೀರು ಬಹುಕಾಲ ನಿಲ್ಲುವದು; ದಕ್ಷಿಣೋತ್ತರವಾದುದರ ದಂಡೆಯನ್ನು ಗಾಳಿಯೆಬ್ಬಿಸಿದ ತೆರೆಗಳು ಕೆಡಿಸುವವು. ಆದುದರಿಂದ ದಂಡೆಯನ್ನು ಕಲ್ಲು ಮರಗಳಿಂದ ಬಲಪಡಿಸಿ, ಅದರ ಮೇಲೆ ಅರ್ಜುನ, ಕದಂಬ, ಜಂಬೂ, ವೇತಸ, ನಿಚುಲ ಮೊದಲಾದ ವೃಕ್ಷಗಳನ್ನು ನೆಡಬೇಕೆಂದು ಆತನು ವಿಧಿಸಿದ್ದಾನೆ. ಕೆಟ್ಟ ನೀರಿನ ಶುದ್ಧಿಗೆ ಹೇಳಿದ ಯೋಗದಲ್ಲಿ ಮುಸ್ತಾ, ಉಶೀರಗಳಿವೆ. ಮುಸ್ತೆಯೆಂದರೆ ನಮ್ಮ ಒಕ್ಕಲಿಗನು ಶಪಿಸುವ ಜೇಕಿನ ಗಡ್ಡೆ. ಉಶೀರವೆಂದರೆ ಲಾವಂಚದ ಬೇರು. ಆಚಾರ್ಯನ ದೃಷ್ಟಿಯು ಮೊದಲು ಬಿದ್ದುದು ದಂಡೆಯ ಮೇಲೆ ಎಂಬದನ್ನು ವಾಚಕರು ಲಕ್ಷಿಸಬೇಕು.

ಮುಂದೆ ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ಲೋಕೋಪಕಾರವನ್ನು ಬರೆದು, ಜಲಶೋಧನೆ, ವೃಕ್ಷಾಯುರ್ವೇದಗಳನ್ನು ಕನ್ನಡದಲ್ಲಿಯೇ ತಿಳಿಸಿದನು. ಸಂಸ್ಕೃತವರಿಯದ ಗೃಹಸ್ಥನಿಗೂ ಈ ವಿದ್ಯೆಯು ದೊರೆಯಿತು.

ನಾನಾದರೋ ಪಾಠಶಾಲೆಯಲ್ಲಿ ಅಮರಕೋಶದ ವಾರಿವರ್ಗವನ್ನು ಕಂಠಪಾಠ ಮಾಡಿದವನು. ಕುಮುದ, ಕುವಲಯ, ಇಂದೀವರ, ಕಹ್ಲಾರಗಳ ಭೇದವನ್ನು ಎಷ್ಟೋ ವರ್ಷ ಹುಡುಗರಿಗೆ ಹೇಳಿದೆನು. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ನಿವೃತ್ತನಾದ ಬಳಿಕ ಈ ನಾಚಿಕೆಯಿಂದಲೇ ಹಿತ್ತಲಲ್ಲಿ ಚಿಕ್ಕ ಕೊಳವನ್ನು ತೋಡಿಸಿದೆನು. ತಾವರೆ, ನೈದಿಲೆಗಳನ್ನಿಟ್ಟು, ದಂಡೆಯಲ್ಲಿ ತಾನಾಗಿ ಹುಟ್ಟಿದ ಜೇಕು, ಹೊನಗೊನೆಗಳನ್ನು ಕಸವೆಂದು ಕಿತ್ತೊಗೆದೆನು. ಮೊದಲ ಮಳೆಗಾಲದಲ್ಲಿಯೇ ಎರೆಮಣ್ಣಿನ ದಂಡೆ ಕುಸಿದು ನೀರೆಲ್ಲ ರಾಡಿಯಾಯಿತು. ವರಾಹಮಿಹಿರನನ್ನು ಓದಿಯೂ ಓದದವನಾಗಿದ್ದೆನು!

ಮರುವರ್ಷ ಕ್ರಮವನ್ನು ತಿರುಗಿಸಿದೆನು. ದಂಡೆಯ ತೇವದಲ್ಲಿ ಲಾವಂಚ, ಒಂದೆಲಗ, ಕೆಸರಿನಂಚಿನಲ್ಲಿ ಕೆಸವು, ನಾಲ್ಕು ಬೆರಳಿನ ನೀರಿನಲ್ಲಿ ಬಜೆ, ನಡುವೆ ಮೊಳದುದ್ದದ ನೀರಿನಲ್ಲಿ ನೈದಿಲೆ. ಬೇರುಗಳು ಮಣ್ಣನ್ನು ಹಿಡಿದವು, ನೀರು ತಿಳಿಯಾಯಿತು. ಸೊಳ್ಳೆಯ ಮರಿಗಳನ್ನು ತಿನ್ನಲು ಸಣ್ಣ ಮೀನುಗಳನ್ನು ಬಿಟ್ಟೆನು.

ಅಂದವೊಂದನ್ನೇ ನೋಡಿ ತಂದುದು ಅನರ್ಥವಾಗುವದಕ್ಕೆ ಇತಿಹಾಸದಲ್ಲಿ ಉದಾಹರಣೆಯುಂಟು. ದಕ್ಷಿಣ ಅಮೇರಿಕೆಯ ನೀಲಿಹೂವಿನ ತೇಲುಗಳೆಯನ್ನು ಹೂವಿನ ಮೋಹದಿಂದ ನಮ್ಮ ದೇಶಕ್ಕೆ ತಂದರು. ಅದು ಬಂಗಾಲದ ಜಲಮಾರ್ಗಗಳನ್ನೇ ಮುಚ್ಚಲು, 1936ರಲ್ಲಿ ಅದರ ನಿವಾರಣೆಗಾಗಿ ಅಲ್ಲಿ ಕಾಯದೆಯನ್ನೇ ಮಾಡಬೇಕಾಯಿತು. ಇಂದು ಕರ್ನಾಟಕದ ಅನೇಕ ಕೆರೆಗಳೂ ಅದರಿಂದ ಪೀಡಿತವಾಗಿವೆ.

ಇಷ್ಟರಿಂದ ತಿಳಿಯುವದೇನಂದರೆ, ಹೂವು ಕೊಳದ ಶೋಭೆಯು. ದಂಡೆಯ ಹುಲ್ಲು ಅದರ ಆಯುಷ್ಯವು. ಕಳೆದ ವರ್ಷ ನನ್ನ ಕೊಳದಲ್ಲಿ ಬಿಳಿಯ ನೈದಿಲೆಯೊಂದು ರಾತ್ರಿಯಲ್ಲಿ ಅರಳಿತು. ಕುಮುದವೆಂದರೇನೆಂಬದು ನನಗೆ ಅಂದು ತಿಳಿಯಿತು. ಅದನ್ನು ತೋರಿಸಲು ನನ್ನ ಹಳೆಯ ಶಿಷ್ಯರನ್ನು ಕರೆಕಳಿಸಿದೆನು. ಅವರು ತಮ್ಮ ಮಕ್ಕಳೊಡನೆ ಬಂದರು.