ಎರಡು ಮಾಧ್ಯಮ, ಒಂದು ಚೌಕಿ

ಕಾಸರಗೋಡಿನ ಭಾಷಾಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1956ರ ನವೆಂಬರ್ 1ರಿಂದ ತೊಡಗುತ್ತಾರೆ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಅಂದು ಕೇರಳಕ್ಕೆ ಸೇರಿತು. ಮುಂದಿನದು ಸತ್ಯಾಗ್ರಹ, ಮೆರವಣಿಗೆ, ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ ಸೇರಬೇಕೆಂದ 1967ರ ಮಹಾಜನ ಆಯೋಗದ ವರದಿ. ಇದು ದೊಡ್ಡವರ ಚರಿತ್ರೆ. ಒಂದೇ ಶಾಲೆಯ ಅಂಗಳದಲ್ಲಿ ಕನ್ನಡ ಮಾಧ್ಯಮ, ಮಲಯಾಳ ಮಾಧ್ಯಮವೆಂದು ಎರಡು ಕಟ್ಟಡಗಳಲ್ಲಿ ಕುಳಿತ ಹುಡುಗ ಹುಡುಗಿಯರು ಪರಸ್ಪರ ಮಾತಾಡತೊಡಗಿದ್ದು ಹೇಗೆ ಎಂಬ ಸಂಗತಿ ಆಯೋಗಗಳ ಕಣ್ಣಿಗೆ ಬೀಳುವಂಥದ್ದಲ್ಲ.

ಆ ಕತೆಗೂ ಒಂದು ತೇದಿಯಿದೆ. ರಾಜ್ಯ ಹುಟ್ಟಿ ಮೂರು ತಿಂಗಳು ತುಂಬುವ ಮೊದಲೇ, 1957ರ ಜನವರಿಯಲ್ಲಿ, ಎರ್ನಾಕುಳಂನಲ್ಲಿ ಕೇರಳದ ಮೊದಲ ಶಾಲಾ ಯುವಜನೋತ್ಸವ ನಡೆಯಿತು. ದಿಲ್ಲಿಯಲ್ಲಿ ವಿಶ್ವವಿದ್ಯಾಲಯಗಳ ಯುವಜನೋತ್ಸವವನ್ನು ಕಂಡು ಬಂದ ವಿದ್ಯಾಭ್ಯಾಸ ನಿರ್ದೇಶಕ ಸಿ.ಎಸ್. ವೆಂಕಟೇಶ್ವರನ್ ಅವರ ಯೋಚನೆ ಅದು. ತಿರುವಿದಾಂಕೂರು, ಕೊಚ್ಚಿ, ಮಲಬಾರುಗಳ ಜತೆಗೆ ನಮ್ಮ ತಾಲೂಕನ್ನೂ ಹೊಲಿದು ಮಾಡಿದ ಹೊಸ ರಾಜ್ಯಕ್ಕೆ ಮಕ್ಕಳ ಇಂಥದೊಂದು ವೇದಿಕೆ ಬೇಕೇ ಇತ್ತು. ಈಗ ಅದರ ಹೆಸರು ಕಲೋತ್ಸವ. ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೆಟ್ಟಲು ಮೆಟ್ಟಲಾಗಿ ಅದು ಏರುತ್ತದೆ. 1991ರಲ್ಲಿ ರಾಜ್ಯಮಟ್ಟದ ಉತ್ಸವವೇ ಕಾಸರಗೋಡಿಗೆ ಬಂತು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ.

ಈ ಉತ್ಸವದಲ್ಲಿ ಕನ್ನಡ ಪದ್ಯ, ಕನ್ನಡ ಭಾಷಣದ ಸ್ಪರ್ಧೆಗಳಿವೆ. ಅವು ನಮಗೆ ಸಂದ ಗೌರವವೇ ಸರಿ. ಆದರೆ ನಿಜ ಹೇಳಬೇಕೆಂದರೆ, ಮಕ್ಕಳನ್ನು ಬೆರೆಸಿದ್ದು ಅವಲ್ಲ. ಕನ್ನಡ ಪದ್ಯಕ್ಕೆ ಕನ್ನಡದ ಮಗು, ಮಲಯಾಳ ಪದ್ಯಕ್ಕೆ ಮಲಯಾಳದ ಮಗು. ಬಹುಮಾನ ತಂದ ಮೇಲೂ ಅವರವರ ಕ್ಲಾಸು ಅವರವರಿಗೆ. ಬೆರೆಸಿದ್ದು ಗುಂಪಿನ ಕಲೆಗಳು. ಕೋಲ್ಕಳಿ, ಒಪ್ಪನದಂಥ ಕಲೆಗೆ ಹತ್ತು ಹನ್ನೆರಡು ಮಕ್ಕಳು ಬೇಕು. ಹಳ್ಳಿಯ ಶಾಲೆಯಲ್ಲಿ ಒಂದೇ ಮಾಧ್ಯಮದೊಳಗೆ ಅಷ್ಟು ಮಂದಿ ಸಿಗುವುದು ಕಷ್ಟ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನಾದ ನನಗೆ ಸೌಹಾರ್ದದ ಭಾಷಣಗಳಿಗಿಂತ ಈ ಲೆಕ್ಕವೇ ಹೆಚ್ಚು ನಂಬಿಕೆಯದಾಗಿ ಕಾಣುತ್ತದೆ. ತಲೆ ಸಾಲದಿದ್ದರೆ ಮಾಷ್ ಆಚೆಯ ಕಟ್ಟಡಕ್ಕೆ ಹೋಗಿ ಮಕ್ಕಳನ್ನು ಕರೆಯಲೇಬೇಕು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಯಕ್ಷಗಾನದ ತಂಡ ಕಟ್ಟಿದರು. ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ತೆಂಕುತಿಟ್ಟಿನ ಆಟ ನೋಡದ ಮಗುವಿಲ್ಲ. ನೋಡುವುದು ಬೇರೆ, ಅರ್ಥ ಹೇಳುವುದು ಬೇರೆ. ನಮ್ಮ ತಂಡದಲ್ಲಿ ಮನೆಯಲ್ಲಿ ತುಳು ಆಡುವವರಿದ್ದರು, ಕೊಂಕಣಿಯವರಿದ್ದರು, ಮಲಯಾಳ ಮಾಧ್ಯಮದಿಂದ ಬಂದ ಇಬ್ಬರಿದ್ದರು. ಅವರಲ್ಲೊಬ್ಬ ತನ್ನ ಮಾತುಗಳನ್ನೆಲ್ಲ ಮಲಯಾಳ ಲಿಪಿಯಲ್ಲಿ ಬರೆದುಕೊಂಡಿದ್ದ. 'ಎಲವೋ' ಎಂದು ಅವನು ಗರ್ಜಿಸಿದರೆ ಕನ್ನಡ ಅವನ ಮನೆಮಾತಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಸಂಜೆ ಗಂಟೆ ಬಾರಿಸಿದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ ಹೆಜ್ಜೆ ಕಲಿಯುತ್ತಿದ್ದೆವು. ದಿಗಿಣ ತಪ್ಪಿದವನನ್ನು ನಗುವುದಕ್ಕೆ ಭಾಷೆ ಬೇಕಿರಲಿಲ್ಲ. ಚೌಕಿಯಲ್ಲಿ ಒಬ್ಬನ ಮುಖಕ್ಕೆ ಇನ್ನೊಬ್ಬ ಬಣ್ಣ ಹಿಡಿದು ಕೊಡುವಾಗ, ಗೆಜ್ಜೆ ಕಟ್ಟುವಾಗ, ಯಾವ ಡಿವಿಷನ್ ಎಂದು ಕೇಳುವ ಪುರಸೊತ್ತೇ ಇಲ್ಲ.

ಅದೇ ವರ್ಷ ನನ್ನ ಕ್ಲಾಸಿನ ಹುಡುಗಿಯರು ಒಪ್ಪನಕ್ಕೆ ಸೇರಿ ಮಾಪ್ಪಿಳಪ್ಪಾಟ್ಟನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಮಲಯಾಳದ 'ೞ' ಬಂದಲ್ಲಿ ಪೆನ್ನು ನಿಂತಿತು. ಒಬ್ಬಳು ಳಕಾರದಡಿ ಚುಕ್ಕಿಯಿಟ್ಟಳು. ಕನ್ನಡ ಪಂಡಿತರು ಅದನ್ನು ನೋಡಿ, ಈ ಅಕ್ಷರ ಹಳಗನ್ನಡದಲ್ಲಿಯೂ ಇತ್ತು, ನಾವು ಬಿಟ್ಟೆವು, ಅವರು ಉಳಿಸಿಕೊಂಡರು ಎಂದು ಹಲಗೆಯ ಮೇಲೆ ಬರೆದು ತೋರಿಸಿದರು. ವ್ಯಾಕರಣದ ಪಾಠದಲ್ಲಿ ಆಕಳಿಸುತ್ತಿದ್ದ ನಾವು ಆ ದಿನ ಕಣ್ಣರಳಿಸಿ ಕುಳಿತಿದ್ದೆವು.

ಕೈಬರಹ ಪತ್ರಿಕೆಯದೂ ಇಂಥದೇ ಕತೆ. ಎರಡು ಭಾಷೆಯ ಪುಟಗಳನ್ನು ಒಂದೇ ರಟ್ಟಿನೊಳಗೆ ಹೊಲಿಯುತ್ತಿದ್ದೆವು. ಚಿತ್ರ ಬರೆಯುವವನೊಬ್ಬನೇ ಇದ್ದುದರಿಂದ ಎರಡೂ ಕಡೆಯವರು ಅವನ ಹಿಂದೆ ಬೀಳುತ್ತಿದ್ದರು.

ಈಗ ಉತ್ಸವ ಹಿಗ್ಗಿದೆ. 2019ರ ನವೆಂಬರ್ 28ರಿಂದ ಡಿಸೆಂಬರ್ 1ರವರೆಗೆ ಕಾಞಂಗಾಡಿನಲ್ಲಿ 60ನೆಯ ಕಲೋತ್ಸವ ನಡೆದಾಗ ರಜೆ ಹಾಕಿ ಹೋಗಿದ್ದೆ. ಹೊರಗಿನಿಂದ ಸಂಬಳ ಕೊಟ್ಟು ಕರೆಸಿದ ಗುರುಗಳು, ಬಾಡಿಗೆಯ ವೇಷಭೂಷಣ, ಗ್ರೇಡಿಗಾಗಿ ತಂದೆತಾಯಿಗಳ ಧಾವಂತ ಎಲ್ಲ ಕಂಡೆ. ಇಷ್ಟು ಖರ್ಚಾದಾಗ ತಂಡಕ್ಕೆ ಸೇರುವುದು ಕೈಯಲ್ಲಿ ಕಾಸಿದ್ದವರ ಮಕ್ಕಳೇ. ಬಡ ಶಾಲೆಯ ಸಂಜೆಯ ಅಭ್ಯಾಸ ನಿಂತರೆ ನಷ್ಟ ಬಹುಮಾನದ್ದಲ್ಲ, ಆಚೆ ಕಟ್ಟಡದ ಪರಿಚಯದ್ದು.

ಒಂದು ಸಂಗತಿ ಮಾತ್ರ ಸಂತೋಷ ಕೊಟ್ಟಿದೆ. 2025ರ ಜನವರಿಯಲ್ಲಿ ತಿರುವನಂತಪುರದ ಕಲೋತ್ಸವಕ್ಕೆ ಐದು ಬುಡಕಟ್ಟು ಕಲೆಗಳನ್ನು ಹೊಸದಾಗಿ ಸೇರಿಸಿದರು. ಅವುಗಳಲ್ಲೊಂದು ನಮ್ಮ ಜಿಲ್ಲೆಯ ಮಾವಿಲ, ಮಲವೇಟ್ಟುವ ಜನರ ಮದುವೆಯ ಕುಣಿತವಾದ ಮಂಗಲಂಕಳಿ. ಅದರ ಹಾಡುಗಳಲ್ಲಿ ತುಳುವಿನವೂ ಇವೆ, ಮಲಯಾಳದವೂ ಇವೆ. ತುಡಿಯ ಪೆಟ್ಟಿಗೆ ವೃತ್ತವಾಗಿ ಕುಣಿಯಬೇಕಾದ ಈ ಕಲೆಯನ್ನು ಈಗ ತೆಂಕಣ ಕೇರಳದ ಮಕ್ಕಳೂ ಕಲಿಯುತ್ತಿದ್ದಾರೆ. ತುಳು ಶಬ್ದವನ್ನು ಅವರು ಯಾವ ಅಕ್ಷರದಲ್ಲಿ, ಎಲ್ಲಿ ಚುಕ್ಕಿಯಿಟ್ಟು ಬರೆದುಕೊಳ್ಳುತ್ತಾರೋ, ಒಮ್ಮೆ ಆ ಪುಸ್ತಕ ತೆರೆದು ನೋಡುವ ಆಸೆಯಿದೆ.